ಚೆಕ್ ಎಂಜಿನ್ ಲೈಟ್ ಹೊತ್ತಿತಾ? ಹಳೇ ಕಾರಿನ ಆಕ್ಸಿಜನ್ ಸೆನ್ಸರ್ ಬದಲಿಸುವ ಮುನ್ನ ಇಷ್ಟು ನೋಡಿ

ತುಮಕೂರು: ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು ಇರುವ ಮನೆಯವರಿಗೆ ಈ ಮಾತು ಹೊಸದಲ್ಲ. "ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟ್ ಹೊತ್ತಿರುತ್ತದೆ. ಮೈಲೇಜ್ ಇಳಿದಿರುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಗಾಡಿ ಫೇಲ್ ಆಗಿರುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪರದೆ ಮೇಲೆ "ಆಕ್ಸಿಜನ್ ಸೆನ್ಸರ್" ಅಂತ ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತಾರೆ. ಎಷ್ಟೋ ಸಲ ಒಂದು ವಾರ ಕಳೆಯುವಷ್ಟರಲ್ಲಿ ಅದೇ ಲೈಟ್ ಮತ್ತೆ ಹೊತ್ತಿಕೊಳ್ಳುತ್ತದೆ.

ಕಾರಣ ಸರಳ. ಆಕ್ಸಿಜನ್ ಸೆನ್ಸರ್ ಎಂಜಿನ್ನಿನ ಸುದ್ದಿ ಹೇಳುವ ಭಾಗ. ಎಂಜಿನ್ನಿನಲ್ಲಿ ಬೇರೆಲ್ಲೋ ತೊಂದರೆ ಇದ್ದರೂ ಅದನ್ನು ಹೇಳುವುದು ಇದೇ ಸೆನ್ಸರ್. ಸುದ್ದಿ ಕೆಟ್ಟದಾಗಿದೆ ಎಂದು ಸುದ್ದಿ ತಂದವನನ್ನೇ ಬದಲಿಸಿದರೆ ಕಾಯಿಲೆ ವಾಸಿಯಾಗುವುದಿಲ್ಲ. ಹಾಗಂತ ಸೆನ್ಸರ್ ನಿಜವಾಗಿಯೂ ಸತ್ತಿದ್ದರೆ, "ಗಾಡಿ ಓಡ್ತಾ ಇದೆಯಲ್ಲ, ಇರಲಿ ಬಿಡಿ" ಎಂದು ತಿಂಗಳುಗಟ್ಟಲೆ ಓಡಿಸಿದರೂ ನಷ್ಟವೇ. ಆಗ ಸೆನ್ಸರ್‌ಗಿಂತ ಹಲವು ಪಟ್ಟು ಬೆಲೆಯ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಮೆಕ್ಯಾನಿಕ್‌ಗಳು "ಕ್ಯಾಟ್‌ಕಾನ್" ಅನ್ನುವ ಭಾಗ, ಕೈಕೊಡುತ್ತದೆ.

ಹಾಗಾಗಿ ಜೇಬಿಗೆ ಕೈ ಹಾಕುವ ಮೊದಲು ಈ ಸೆನ್ಸರ್ ಏನು, ಕೆಟ್ಟಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ, ಬದಲಿಸುವಾಗ ಏನು ನೋಡಬೇಕು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಏನಿದು ಆಕ್ಸಿಜನ್ ಸೆನ್ಸರ್?

ನೋಡಲು ಸ್ಪಾರ್ಕ್ ಪ್ಲಗ್‌ನಂತೆಯೇ ಇರುತ್ತದೆ. ಎಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ, ಇಲ್ಲವೇ ಅದಕ್ಕೆ ಸೇರಿದ ಸೈಲೆನ್ಸರ್ ಪೈಪಿಗೆ ಇದನ್ನು ತಿರುಚಿ ಕೂರಿಸಿರುತ್ತಾರೆ. ತುದಿ ಪೈಪಿನ ಒಳಗೆ ಬಿಸಿ ಹೊಗೆಯಲ್ಲಿ ಇರುತ್ತದೆ. ಇನ್ನೊಂದು ಕಡೆಯಿಂದ ವೈರ್‌ಗಳು ಹೊರಟು ಎಂಜಿನ್ ಕಂಟ್ರೋಲ್ ಯೂನಿಟ್‌ಗೆ, ಅಂದರೆ ಇಸಿಎಂಗೆ ಹೋಗುತ್ತವೆ.

ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾದರೆ ಹೊಗೆಯಲ್ಲಿ ಆಮ್ಲಜನಕ ಉಳಿಯುತ್ತದೆ, ಇದಕ್ಕೆ "ಲೀನ್" ಅನ್ನುತ್ತಾರೆ. ಪೆಟ್ರೋಲ್ ಹೆಚ್ಚಾದರೆ ಆಮ್ಲಜನಕ ಉಳಿಯುವುದಿಲ್ಲ, ಅದು "ರಿಚ್". ಸೆನ್ಸರ್ ತುದಿಯಲ್ಲಿರುವ ಜಿರ್ಕೋನಿಯಾ ಎಂಬ ಸೆರಾಮಿಕ್, ಹೊರಗಿನ ಗಾಳಿಗೂ ಹೊಗೆಗೂ ಇರುವ ಆಮ್ಲಜನಕದ ವ್ಯತ್ಯಾಸದ ಮೇಲೆ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಲೀನ್ ಇದ್ದರೆ 0.1 ವೋಲ್ಟ್ ಆಸುಪಾಸು, ರಿಚ್ ಇದ್ದರೆ 0.9 ವೋಲ್ಟ್ ಹತ್ತಿರ. ಅದನ್ನು ನೋಡಿ ಇಸಿಎಂ ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಸಾರು ಕುದಿಯುವಾಗ ರುಚಿ ನೋಡಿ ಉಪ್ಪು ಹಾಕಿದ ಹಾಗೆ.

ಈ ಸೆರಾಮಿಕ್ ಕೆಲಸ ಮಾಡಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಳೆಯ ಒಂದು ವೈರ್‌ನ ಸೆನ್ಸರ್‌ಗಳು ಹೊಗೆಯ ಬಿಸಿಯನ್ನೇ ನಂಬಿದ್ದವು. ಮೂರು, ನಾಲ್ಕು ವೈರ್ ಇರುವವಕ್ಕೆ ಒಳಗೇ ಪುಟ್ಟ ಹೀಟರ್ ಇರುತ್ತದೆ.

ಜಗತ್ತಿನಲ್ಲಿ ಮೊದಲು ಇದು ಕಾರಿಗೆ ಬಂದದ್ದು 1976ರಲ್ಲಿ. ಬಾಷ್ ಕಂಪನಿಯ ಸೆನ್ಸರನ್ನು ವೋಲ್ವೊ ತನ್ನ ಕಾರಿನಲ್ಲಿ ಅಳವಡಿಸಿತು. ಸೀಸ ಬೆರೆತ ಪೆಟ್ರೋಲ್ ಸೆನ್ಸರ್‌ಗೂ ಕ್ಯಾಟ್‌ಕಾನ್‌ಗೂ ವಿಷ ಇದ್ದಂತೆ. ಭಾರತದಲ್ಲಿ ಆ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಸುಮಾರು ಅದೇ ಹೊತ್ತಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಎಂಜಿನ್‌ಗಳು ಸಾಮಾನ್ಯವಾದವು. ಹಾಗಾಗಿ ಕೆಎ-06, ಕೆಎ-44, ಕೆಎ-64 ಪ್ಲೇಟಿನಲ್ಲಿ ಈಗಲೂ ಓಡುವ ಎಂಪಿಎಫ್‌ಐ ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಓಮ್ನಿಗಳಲ್ಲಿ ಈ ಸೆನ್ಸರ್‌ನ ಮಾತು ಬಂದೇ ಬರುತ್ತದೆ. ಕಾರ್ಬೊರೇಟರ್ ಇರುವ ತೀರಾ ಹಳೆಯ ಗಾಡಿಗಳಿಗೆ ಈ ಗೊಡವೆ ಸಾಮಾನ್ಯವಾಗಿ ಇಲ್ಲ.

ಒಂದಾ, ಎರಡಾ?

ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಒಂದೇ ಸೆನ್ಸರ್, ಅದು ಕ್ಯಾಟ್‌ಕಾನ್‌ಗಿಂತ ಮುಂಚೆ ಇರುತ್ತದೆ. ಬಿಎಸ್-4 ಕಾರುಗಳಿಗೆ 2013ರಿಂದ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ ಮೇಲೆ ಕ್ಯಾಟ್‌ಕಾನ್ ಆದ ನಂತರ ಇನ್ನೊಂದು ಸೆನ್ಸರ್ ಇರುವುದು ರೂಢಿಯಾಯಿತು.

ಎರಡರ ಕೆಲಸ ಬೇರೆ ಬೇರೆ. ಮೊದಲನೆಯದು ಪೆಟ್ರೋಲ್ ಲೆಕ್ಕ ನೋಡುತ್ತದೆ, ಮೈಲೇಜ್ ಇದರ ಕೈಯಲ್ಲಿದೆ. ಎರಡನೆಯದು ಕ್ಯಾಟ್‌ಕಾನ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಕಾಯುವ ಕಾವಲುಗಾರ. "ಮೈಲೇಜ್ ಬರ್ತಿಲ್ಲ" ಎಂದು ಹಿಂದಿನ ಸೆನ್ಸರ್ ಬದಲಿಸಿದರೆ ಹೆಚ್ಚಿನ ಸಲ ಪ್ರಯೋಜನ ಆಗುವುದಿಲ್ಲ. ಗ್ಯಾರೇಜಿನವರು ಸೆನ್ಸರ್ ಹೋಗಿದೆ ಎಂದರೆ "ಯಾವುದು ಅಣ್ಣಾ, ಮುಂದಿನದಾ ಹಿಂದಿನದಾ?" ಎಂದು ಕೇಳುವುದೇ ಮೊದಲ ಪ್ರಶ್ನೆ.

ಸತ್ತ ಸೆನ್ಸರ್ ಇಟ್ಟುಕೊಂಡು ಓಡಿಸಿದರೆ?

ಕಾರು ನಿಲ್ಲುವುದಿಲ್ಲ. ಅದಕ್ಕೇ ಜನ ಉದಾಸೀನ ಮಾಡುವುದು. ಸೆನ್ಸರ್ ಸುದ್ದಿ ಬರದಿದ್ದಾಗ ಇಸಿಎಂ ತನ್ನಲ್ಲಿ ಮೊದಲೇ ಬರೆದಿಟ್ಟ ಅಂದಾಜಿನ ಲೆಕ್ಕದಲ್ಲಿ ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ಸದಾ "ಲೀನ್, ಲೀನ್" ಎಂದು ಸುಳ್ಳು ಹೇಳುತ್ತಿದ್ದರಂತೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸೈಲೆನ್ಸರ್ ಬಾಯಿ ಕಪ್ಪಾಗುವುದು, ಹೊಗೆಯಲ್ಲಿ ಪೆಟ್ರೋಲ್ ವಾಸನೆ, ಐಡ್ಲಿಂಗ್ ಏರಿಳಿತ, ಮೈಲೇಜ್ ಕುಸಿತ ಇವು ಲಕ್ಷಣಗಳು.

ಪೂರ್ತಿ ಉರಿಯದ ಪೆಟ್ರೋಲ್ ಕ್ಯಾಟ್‌ಕಾನ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಸೆರಾಮಿಕ್ ಅತಿಯಾಗಿ ಕಾದು ಕರಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಹೊಗೆ ಹೊರಹೋಗಲು ದಾರಿ ಇಲ್ಲದೆ ಕಾರು ಏರಿನಲ್ಲಿ ಎಳೆಯುವುದಿಲ್ಲ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹ ಇರುವ ಭಾಗ ಅದು. ಹಳೆಯ ಕಾರಿಗೆ ಹೊಸ ಕ್ಯಾಟ್‌ಕಾನ್ ಹಾಕಿಸುವ ಖರ್ಚು ಕೇಳಿ ಕಾರನ್ನೇ ಗುಜರಿಗೆ ಕೊಡುವ ಯೋಚನೆ ಮಾಡುವವರೂ ಇದ್ದಾರೆ.

ಇನ್ನೊಂದು ಅಪಾಯ ನಮ್ಮ ಭಾಗಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆ ಮೇಲೆ ಹರಡಿರುತ್ತಾರೆ. ಒಣ ಹುಲ್ಲು, ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ರಿಚ್ ಆಗಿ ಓಡುವ ಕಾರಿನ ಕ್ಯಾಟ್‌ಕಾನ್ ಮಾಮೂಲಿಗಿಂತ ಹೆಚ್ಚು ಕಾದಿರುವುದರಿಂದ ಅಪಾಯವೂ ಹೆಚ್ಚು. ಅಂಥ ಕಡೆ ಹಾದು ಬಂದ ಮೇಲೆ ಗಾಡಿ ನಿಲ್ಲಿಸಿ ಅಡಿಯಲ್ಲಿ ಒಮ್ಮೆ ಬಗ್ಗಿ ನೋಡುವುದು ಎಲ್ಲ ಕಾರಿನವರಿಗೂ ಒಳ್ಳೆಯದು.

ಸ್ಕ್ಯಾನರ್ ಕೋಡ್ ಏನು ಹೇಳುತ್ತದೆ?

ಸ್ಕ್ಯಾನರ್ ಹಾಕಿದಾಗ ಬರುವ ಕೋಡನ್ನು ಬರೆದುಕೊಳ್ಳಿ, ಇಲ್ಲವೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಬರೀ "ಸೆನ್ಸರ್ ಕೋಡ್" ಅಂದರೆ ಸಾಲದು. ಒಂದೊಂದಕ್ಕೂ ಅರ್ಥ ಬೇರೆ.

ಪಿ 0135 ಬಂದರೆ ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷ. ಪಿ 0141 ಆದರೆ ಹಿಂದಿನದರ ಹೀಟರ್. ಹೊಸ ಸೆನ್ಸರ್ ತರುವ ಮುನ್ನ ಹೀಟರ್‌ನ ಫ್ಯೂಸ್, ರಿಲೇ, ಕನೆಕ್ಟರ್ ನೋಡಬೇಕು. ಕೆಲವೇ ರೂಪಾಯಿಯ ಫ್ಯೂಸ್ ಹೋಗಿದ್ದರೂ ಇದೇ ಕೋಡ್ ಬರುತ್ತದೆ.

ಪಿ 0133 ಎಂದರೆ ಮುಂದಿನ ಸೆನ್ಸರ್ ನಿಧಾನವಾಗಿ ಉತ್ತರ ಕೊಡುತ್ತಿದೆ. ವಯಸ್ಸಾದ ಸೆನ್ಸರ್‌ಗೆ ಇದು ಸಾಮಾನ್ಯ. ಪಿ 0134 ಎಂದರೆ ಅದರಿಂದ ಸುದ್ದಿಯೇ ಬರುತ್ತಿಲ್ಲ. ಇಲ್ಲಿ ವೈರ್ ತುಂಡಾಗಿರುವ ಸಾಧ್ಯತೆಯನ್ನೂ ನೋಡಬೇಕು.

ಪಿ 0171 ಎಂದರೆ ಮಿಶ್ರಣ ಲೀನ್, ಪಿ 0172 ಎಂದರೆ ರಿಚ್. ಇವು ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಬಹಳ ಸಲ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂಬುದಕ್ಕೇ ಇವು ಸಾಕ್ಷಿ.

ಪಿ 0420 ಎಂದರೆ ಕ್ಯಾಟ್‌ಕಾನ್ ಕೆಲಸ ಕುಗ್ಗಿದೆ ಎಂದು ಹಿಂದಿನ ಸೆನ್ಸರ್ ಹೇಳುತ್ತಿದೆ. ಈ ಕೋಡಿಗೆ ಸುಮ್ಮನೆ ಹಿಂದಿನ ಸೆನ್ಸರ್ ಬದಲಿಸುವುದು ಹಣ ದಂಡ ಆಗುವ ಕೆಲಸ.

2013ಕ್ಕಿಂತ ಹಿಂದಿನ ಕೆಲವು ಕಾರುಗಳಿಗೆ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕನೆಕ್ಟ್ ಆಗದೇ ಇರಬಹುದು. ಅಂಥವಕ್ಕೆ ಆ ಕಂಪನಿಯ ಗಾಡಿಗಳಿಗೆ ಹೊಂದುವ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು.

ಸೆನ್ಸರ್ ತಪ್ಪಿಲ್ಲದೆ ಬೈಗುಳ ತಿನ್ನುವುದು ಯಾವಾಗ?

*ಸೈಲೆನ್ಸರ್ ಲೀಕ್:* ಸೆನ್ಸರ್‌ಗಿಂತ ಮುಂಚೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನೇ ಲೀನ್ ಎಂದು ತಿಳಿಯುತ್ತದೆ. ಇಸಿಎಂ ಪೆಟ್ರೋಲ್ ಹೆಚ್ಚಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗೆ "ಟಪ್ ಟಪ್" ಸದ್ದು ಇದರ ಗುರುತು.

*ಪ್ಲಗ್, ಕಾಯಿಲ್ ದೋಷ:* ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಅದರ ಆಮ್ಲಜನಕ ಉರಿಯದೇ ಹೊರಬರುತ್ತದೆ. ಸೆನ್ಸರ್ ಮತ್ತೆ ಲೀನ್ ಎನ್ನುತ್ತದೆ.

*ವ್ಯಾಕ್ಯೂಮ್ ಹೋಸ್ ಸೀಳು:* ವರ್ಷಗಟ್ಟಲೆ ಎಂಜಿನ್ ಬಿಸಿಗೆ ರಬ್ಬರ್ ಹೋಸ್ ಒಣಗಿ ಬಿರಿದಿರುತ್ತದೆ. ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತದೆ.

*ತರ್ಮೋಸ್ಟಾಟ್ ವಾಲ್ವ್ ಇಲ್ಲದಿರುವುದು:* ಹಿಂದೆ ಯಾವಾಗಲೋ ಎಂಜಿನ್ ಹೀಟ್ ಆಗಿದ್ದಕ್ಕೆ ಯಾರೋ ವಾಲ್ವನ್ನೇ ತೆಗೆದು ಎಸೆದಿರುತ್ತಾರೆ. ಆಗ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ. ಇಸಿಎಂ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಹೆಚ್ಚೇ ಕೊಡುತ್ತದೆ. ಸೆನ್ಸರ್‌ಗೆ ಮಸಿ ಹಿಡಿಯುತ್ತದೆ.

*ಇಲಿ ಕಾಟ:* ಅಂಗಡಿ, ಗೋಡೌನ್ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇಲಿ ವೈರ್ ಕಡಿಯುವುದು ಮಾಮೂಲು. ಅಡಿಯಲ್ಲಿ ಜೋತುಬಿದ್ದ ವೈರ್ ಸೈಲೆನ್ಸರ್‌ಗೆ ತಾಗಿ ಕರಗುವುದೂ ಉಂಟು.

*ಗ್ಯಾಸ್ ಕಿಟ್ ಜಾಯಿಂಟ್:* ಎಲ್‌ಪಿಜಿ, ಸಿಎನ್‌ಜಿ ಕಿಟ್ ಕೂರಿಸುವಾಗ ಸೆನ್ಸರ್ ವೈರಿಗೆ ಜಾಯಿಂಟ್ ಕೊಟ್ಟಿರಬಹುದು. ಟೇಪ್ ಬಿಚ್ಚಿ, ತುಕ್ಕು ಹಿಡಿದ ಜಾಯಿಂಟ್‌ನಿಂದಲೂ ಕೋಡ್ ಬರುತ್ತದೆ.

ಮಲ್ಟಿಮೀಟರ್‌ನಲ್ಲಿ ಹತ್ತು ನಿಮಿಷದ ಪರೀಕ್ಷೆ

ಡಿಜಿಟಲ್ ಮಲ್ಟಿಮೀಟರ್ ಇರುವ ಯಾವ ಆಟೋ ಎಲೆಕ್ಟ್ರಿಷಿಯನ್ ಕೂಡ ಇದನ್ನು ಮಾಡಬಹುದು.

ಮೊದಲು ಹೀಟರ್. ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಹೀಟರ್ ವೈರ್ ಎರಡರ ನಡುವೆ ಓಮ್ಸ್ ನೋಡಬೇಕು. ನಾಲ್ಕು ವೈರ್‌ನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರ್‌ನವು. ಆದರೆ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಬಿಳಿಯೇ ಹೀಟರ್ ಎಂದು ಕಣ್ಣುಮುಚ್ಚಿ ನಂಬಬಾರದು. ಕೆಲವೇ ಓಮ್ಸ್ ತೋರಿಸಿದರೆ ಹೀಟರ್ ಸರಿ ಇದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ, ಬದಲಿಸಲೇಬೇಕು. ಓಮ್ಸ್ ನೋಡುವುದು ಹೀಟರ್ ವೈರಿಗೆ ಮಾತ್ರ. ಸಿಗ್ನಲ್ ವೈರಿಗೆ ಓಮ್ಸ್ ಮೀಟರನ್ನಾಗಲೀ ಟೆಸ್ಟ್ ಬಲ್ಬನ್ನಾಗಲೀ ಇಡಬಾರದು.

ಆಮೇಲೆ ಸಿಗ್ನಲ್. ಕನೆಕ್ಟರ್ ವಾಪಸ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸುಮಾರು 2500 ಆರ್‌ಪಿಎಂನಲ್ಲಿ ಹಿಡಿದು, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಸಿಗ್ನಲ್ ವೈರ್ ನೋಡಬೇಕು. ಮುಂದಿನ ಸೆನ್ಸರ್ ಜೀವಂತ ಇದ್ದರೆ ಅಂಕಿ ನಿಲ್ಲುವುದಿಲ್ಲ. 0.1ರಿಂದ 0.9ರ ನಡುವೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ಏರಿಳಿಯುತ್ತಿರಬೇಕು.

ಅಂಕಿ ಕೆಳಗೇ ನಿಂತಿದ್ದರೆ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿ ನೋಡಿ. 0.8ಕ್ಕೆ ಜಿಗಿದರೆ ಸೆನ್ಸರ್ ಬದುಕಿದೆ, ಲೀಕ್ ಹುಡುಕಬೇಕು. ಅಂಕಿ ಮೇಲೇ ನಿಂತಿದ್ದರೆ ಸಣ್ಣ ವ್ಯಾಕ್ಯೂಮ್ ಹೋಸ್ ಒಂದನ್ನು ಕ್ಷಣ ಬಿಚ್ಚಿ ನೋಡಿ. 0.2ರ ಕೆಳಗೆ ಇಳಿದರೆ ಆಗಲೂ ಸೆನ್ಸರ್ ಸರಿ ಇದೆ, ಪೆಟ್ರೋಲ್ ಹೆಚ್ಚಾಗುತ್ತಿರುವುದಕ್ಕೆ ಕಾರಣ ಬೇರೆ ಇದೆ. ಏನು ಮಾಡಿದರೂ ಅಲುಗಾಡದಿದ್ದರೆ, ವೈರಿಂಗ್ ಸರಿ ಇದ್ದೂ ಹಾಗಿದ್ದರೆ, ಆಗ ಸೆನ್ಸರ್ ಹೋಗಿದೆ ಎನ್ನಬಹುದು.

ಹಿಂದಿನ ಸೆನ್ಸರ್ ಲೆಕ್ಕ ಉಲ್ಟಾ. ಅದು ಹೆಚ್ಚು ಕಡಿಮೆ ಒಂದೇ ಅಂಕಿಯಲ್ಲಿ, 0.6–0.7 ವೋಲ್ಟ್ ಹತ್ತಿರ ನಿಂತಿದ್ದರೆ ಕ್ಯಾಟ್‌ಕಾನ್ ಚೆನ್ನಾಗಿದೆ. ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕ್ಯಾಟ್‌ಕಾನ್ ಸೋತಿದೆ. ಕೆಲವು ಕಾರುಗಳಲ್ಲಿ ಮುಂದಿನ ಸ್ಥಾನದಲ್ಲಿ ಏರ್-ಫ್ಯೂಯಲ್ ಸೆನ್ಸರ್ ಎಂಬ ಬೇರೆ ಜಾತಿಯದ್ದು ಇರುತ್ತದೆ. ಅದಕ್ಕೆ ಈ ವೋಲ್ಟೇಜ್ ಲೆಕ್ಕ ಹೊಂದುವುದಿಲ್ಲ.

ಎಂಜಿನ್ ಓಡಿಸಿ ಮಾಡುವ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಬೇಕು. ಶಟರ್ ಎಳೆದ ಅಂಗಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಪ್ರಾಣ ತೆಗೆಯುತ್ತದೆ.

ಬದಲಿಸಲೇಬೇಕು ಎಂದಾದರೆ: ಅಂಗಡಿಯಲ್ಲಿ ಏನು ನೋಡಬೇಕು?

ಹೀಟರ್ ಇಲ್ಲದ ಹಳೆಯ ಸೆನ್ಸರ್ ಸುಮಾರು 50,000ದಿಂದ 80,000 ಕಿ.ಮೀ., ಹೀಟರ್ ಇರುವುದು ಸುಮಾರು 1 ಲಕ್ಷದಿಂದ 1.6 ಲಕ್ಷ ಕಿ.ಮೀ. ಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಕೂಲೆಂಟ್ ಒಳಗೆ ಸೋರುತ್ತಿದ್ದರೆ, ಕಲಬೆರಕೆ ಪೆಟ್ರೋಲ್ ಹಾಕಿದ್ದರೆ ಅದಕ್ಕೂ ಮುಂಚೆಯೇ ಹೋಗಬಹುದು.

ಪಾರ್ಟ್ಸ್ ಅಂಗಡಿಗೆ ಹೋಗುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಮಾದರಿಯ ಕಾರಿಗೆ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಸೆನ್ಸರ್ ಇರುತ್ತದೆ. ಆರ್‌ಸಿಯಲ್ಲಿನ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿ ತರಬೇಕು. ಹಳೆಯ ಸೆನ್ಸರ್ ಮೈಮೇಲೆ ಕೊರೆದ ನಂಬರ್ ಇದ್ದರೆ ಅದನ್ನೂ ತಾಳೆ ನೋಡಬಹುದು. ಬಾಷ್, ಡೆನ್ಸೊ, ಎನ್‌ಟಿಕೆ ಈ ಸೆನ್ಸರ್ ತಯಾರಿಸುವ ಹೆಸರಾಂತ ಕಂಪನಿಗಳು. ಹೆಸರಾಂತ ಕಂಪನಿಗಳ ಡಬ್ಬಿಯಲ್ಲೇ ನಕಲಿಯೂ ಬರುತ್ತದೆ. ಎಂಆರ್‌ಪಿ ನೋಡಿ, ಜಿಎಸ್‌ಟಿ ಬಿಲ್ ತೆಗೆದುಕೊಂಡರೆ ತಕರಾರು ಬಂದಾಗ ಕೇಳಲು ಆಧಾರ ಇರುತ್ತದೆ.

ಗುಜರಿಯಲ್ಲಿ ಸಿಗುವ ಹಳೆಯ ಸೆನ್ಸರ್ ಅಗ್ಗ ನಿಜ. ಆದರೆ ಅದು ಎಷ್ಟು ಓಡಿದೆ, ಏನು ಕುಡಿದಿದೆ ಯಾರಿಗೂ ಗೊತ್ತಿಲ್ಲ. ಬಾಗಿಲು, ಬಂಪರ್ ಗುಜರಿಯಿಂದ ತರಬಹುದು, ಸೆನ್ಸರ್ ತರುವುದು ಬೇಡ.

"ಯೂನಿವರ್ಸಲ್" ಸೆನ್ಸರ್ ಆದರೆ ಹಳೆಯ ಕನೆಕ್ಟರ್ ಕತ್ತರಿಸಿ ಜೋಡಿಸಬೇಕಾಗುತ್ತದೆ. ಆಗ ಡಬ್ಬಿಯಲ್ಲಿ ಕೊಟ್ಟ ಕ್ರಿಂಪ್ ಜಾಯಿಂಟನ್ನೇ ಬಳಸಬೇಕು, ಬೆಸುಗೆ ಹಾಕಬಾರದು. ಕಾರಣ, ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರ್ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆಯ ಸೀಸ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಕನೆಕ್ಟರ್ ಒಳಗೆ ಗ್ರೀಸ್, ಸ್ಪ್ರೇ ತುಂಬಬಾರದು ಎನ್ನುವುದಕ್ಕೂ ಇದೇ ಕಾರಣ.

ಬಿಚ್ಚಿ ಹಾಕುವ ಕ್ರಮ

ಹಳೆಯ ಕಾರಿನಲ್ಲಿ ನಿಜವಾದ ಕಷ್ಟ ಹೊಸದು ಹಾಕುವುದಲ್ಲ, ಹಳೆಯದನ್ನು ಬಿಚ್ಚುವುದು. ವರ್ಷಗಟ್ಟಲೆ ಬಿಸಿ, ತುಕ್ಕಿಗೆ ಮರೆ ಹಿಡಿದುಕೊಂಡಿರುತ್ತದೆ.

1. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಗಾಡಿ ಎತ್ತಬೇಕಾದರೆ ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಇಡಲೇಬೇಕು.

2. ಎಂಜಿನ್ ಉಗುರುಬೆಚ್ಚಗೆ ಇದ್ದಾಗ ಬಿಚ್ಚುವುದು ಸುಲಭ. ಈಗಷ್ಟೇ ಓಡಿಸಿ ಬಂದ ಗಾಡಿಯ ಮ್ಯಾನಿಫೋಲ್ಡ್ ಮುಟ್ಟಿದರೆ ಕೈ ಸುಡುತ್ತದೆ. ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಬೇಕು.

3. ಕನೆಕ್ಟರ್ ಬಿಚ್ಚಿದ ಮೇಲೆ 22 ಎಂಎಂ ಸ್ಪ್ಯಾನರ್, ಇಲ್ಲವೇ ವೈರ್ ಹೋಗಲು ಸೀಳು ಇರುವ ಸೆನ್ಸರ್ ಸಾಕೆಟ್ ಹಾಕಿ ಬಿಚ್ಚಬೇಕು. ಜಗ್ಗದಿದ್ದರೆ ಸ್ವಲ್ಪ ಸಡಿಲ, ಸ್ವಲ್ಪ ಬಿಗಿ ಹೀಗೆ ಹಿಂದೆ ಮುಂದೆ ಮಾಡುತ್ತಾ ತೆಗೆಯಬೇಕು. ಒಂದೇ ಸಮ ಬಲ ಹಾಕಿದರೆ ಮ್ಯಾನಿಫೋಲ್ಡ್‌ನ ಮರೆಯೇ ಕಿತ್ತುಬರುತ್ತದೆ.

4. ಬಿಚ್ಚಿದ ಸೆನ್ಸರ್ ತುದಿ ನೋಡಿ. ತಿಳಿ ಬೂದು, ಕಂದು ಬಣ್ಣ ಮಾಮೂಲು. ಒಣ ಕಪ್ಪು ಮಸಿ ಇದ್ದರೆ ಎಂಜಿನ್ ರಿಚ್ ಓಡುತ್ತಿದೆ. ಎಣ್ಣೆ ಜಿಡ್ಡಿನ ಕಪ್ಪಾದರೆ ಆಯಿಲ್ ಸುಡುತ್ತಿದೆ. ಬೆಳ್ಳಗೆ ಪುಡಿ ಹಿಡಿದಿದ್ದರೆ ಕೂಲೆಂಟ್ ಸೋರಿಕೆ ಅಥವಾ ಸಿಲಿಕೋನ್ ಪೇಸ್ಟ್‌ನ ಪ್ರಭಾವ. ಈ ಮೂಲ ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

5. ಮರೆ ಕೆಟ್ಟಿದ್ದರೆ ಎಂ18 × 1.5 ಅಳತೆಯ ಟ್ಯಾಪ್ ಹಾಕಿ ಸ್ವಚ್ಛ ಮಾಡಬೇಕು. ಹೆಚ್ಚಿನ ಕಾರುಗಳ ಸೆನ್ಸರ್ ಇದೇ ಅಳತೆಯದು.

6. ಹೊಸ ಸೆನ್ಸರ್ ಮರೆಗೆ ಸಾಮಾನ್ಯವಾಗಿ ಕಂಪನಿಯೇ ಆಂಟಿ-ಸೀಜ್ ಪೇಸ್ಟ್ ಹಚ್ಚಿರುತ್ತದೆ. ಇಲ್ಲದಿದ್ದರೆ ಮರೆಗೆ ಮಾತ್ರ ತೆಳುವಾಗಿ ಹಚ್ಚಬೇಕು. ತುದಿಗೆ ಪೇಸ್ಟ್, ಎಣ್ಣೆ, ಬೆರಳ ಜಿಡ್ಡು ಯಾವುದೂ ತಾಗಬಾರದು. ಕೆಳಗೆ ಬಿದ್ದ ಸೆನ್ಸರ್ ಬಳಸಬೇಡಿ. ಒಳಗಿನ ಸೆರಾಮಿಕ್ ಒಡೆದಿದ್ದರೆ ಹೊರಗೆ ಕಾಣುವುದಿಲ್ಲ.

7. ಮೊದಲು ಕೈಯಲ್ಲೇ ತಿರುಚಿ ಮರೆ ಸರಿಯಾಗಿ ಹಿಡಿಸಿ, ಆಮೇಲೆ ಸ್ಪ್ಯಾನರ್. ಬಿಗಿ ಸಾಮಾನ್ಯವಾಗಿ 40–45 ನ್ಯೂಟನ್ ಮೀಟರ್ ಸಾಕು. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಬೇಕು. ವೈರನ್ನು ಮೊದಲಿದ್ದ ಕ್ಲಿಪ್‌ಗೇ ಸಿಕ್ಕಿಸಿ, ಸೈಲೆನ್ಸರ್‌ನಿಂದ ದೂರ ಇರಬೇಕು.

8. ಸ್ಟಾರ್ಟ್ ಮಾಡಿ "ಸುಸ್" ಎನ್ನುವ ಲೀಕ್ ಇದೆಯೇ ಕೇಳಿ. ಸ್ಕ್ಯಾನರ್‌ನಲ್ಲಿ ಹಳೆಯ ಕೋಡ್ ಅಳಿಸಿ, ಊರೊಳಗೂ ಹೈವೇಯಲ್ಲೂ ಸ್ವಲ್ಪ ಓಡಿಸಿ ಮತ್ತೆ ಕೋಡ್ ನೋಡಬೇಕು. ಬ್ಯಾಟರಿ ಬಿಚ್ಚಿದ್ದರಿಂದ ಮೊದಲ ಸ್ವಲ್ಪ ಹೊತ್ತು ಐಡ್ಲಿಂಗ್ ಏರುಪೇರಾಗಬಹುದು, ಗಾಬರಿ ಬೇಡ.

ಎಮಿಷನ್ ಟೆಸ್ಟ್, ಎಫ್‌ಸಿಗೆ ಏನು ಸಂಬಂಧ?

ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮೀರಬಾರದು. ಬಿಎಸ್-4 ಕಾರುಗಳಿಗೆ ಈ ಮಿತಿ ಶೇ 0.3 ಮತ್ತು 200 ಪಿಪಿಎಂ. ಜೊತೆಗೆ ಎಂಜಿನ್ ಎತ್ತರದ ಆರ್‌ಪಿಎಂನಲ್ಲಿದ್ದಾಗ ಲ್ಯಾಂಬ್ಡಾ ಅಂಕಿ 0.97ರಿಂದ 1.03ರ ಒಳಗಿರಬೇಕು. ಸತ್ತ ಸೆನ್ಸರ್ ಇಟ್ಟುಕೊಂಡು ಈ ಮಿತಿ ಒಳಗೆ ಬರುವುದು ಕಷ್ಟ.

ಬಿಎಸ್-4ಕ್ಕಿಂತ ಹಳೆಯ ಕಾರುಗಳಿಗೆ ಎಮಿಷನ್ ಸರ್ಟಿಫಿಕೇಟ್ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ನಂತರದವಕ್ಕೆ ವರ್ಷಕ್ಕೊಮ್ಮೆ ಬೇಕು. ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕು. ಜನ ಎಫ್‌ಸಿ ಮಾಡಿಸುವುದು ಅನ್ನುವುದು ಇದನ್ನೇ. ಆ ದಿನಾಂಕ ಹತ್ತಿರ ಇದ್ದರೆ ಕೊನೆ ವಾರದವರೆಗೆ ಕಾಯದೆ ಮೊದಲೇ ಚೆಕ್ ಮಾಡಿಸಿಕೊಂಡರೆ ಓಡಾಟ ತಪ್ಪುತ್ತದೆ.

ಕೆಲವರು ಕ್ಯಾಟ್‌ಕಾನ್ ಒಳಗಿನದನ್ನು ಒಡೆದು ಖಾಲಿ ಪೈಪ್ ಮಾಡಿಸುತ್ತಾರೆ. ಇನ್ನು ಕೆಲವರು ಹಿಂದಿನ ಸೆನ್ಸರ್‌ಗೆ ಸುಳ್ಳು ಸಿಗ್ನಲ್ ಕೊಡುವ ತುಂಡು ಸಿಕ್ಕಿಸಿ ಲೈಟ್ ಆರಿಸುತ್ತಾರೆ. ಲೈಟ್ ಆರುತ್ತದೆ, ಹೊಗೆ ಆರುವುದಿಲ್ಲ. ಟೆಸ್ಟ್ ಮೀಟರ್ ಮುಂದೆ ಅದು ಬಯಲಾಗುತ್ತದೆ. ಮಾಲಿನ್ಯ ತಡೆಯುವ ಭಾಗ ತೆಗೆಯುವುದು ಕಾನೂನಿಗೂ ವಿರುದ್ಧ.

ಎಥನಾಲ್ ಪೆಟ್ರೋಲ್ ಬಂದ ಮೇಲೆ

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಗಾಳಿಯ ಅನುಪಾತ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಇಂಧನ ಸ್ವಲ್ಪ ಹೆಚ್ಚು ಬೇಕು. ಹಳೆಯ ಕಾರಿನ ಇಸಿಎಂಗೆ ಬಂಕಿನಲ್ಲಿ ಏನು ಬದಲಾಗಿದೆ ಎಂದು ತಿಳಿಯುವ ದಾರಿ ಒಂದೇ, ಮುಂದಿನ ಆಕ್ಸಿಜನ್ ಸೆನ್ಸರ್. ಅದು ಸರಿ ಇದ್ದರೆ ಇಸಿಎಂ ತನ್ನ ಮಿತಿಯೊಳಗೆ ಹೊಂದಿಸಿಕೊಳ್ಳುತ್ತದೆ. ಅದು ಸತ್ತಿದ್ದರೆ ಹಳೆಯ ಪೆಟ್ರೋಲಿಗೆ ಬರೆದ ಅಂದಾಜಿನಲ್ಲೇ ಎಂಜಿನ್ ಓಡಬೇಕು, ಆ ಅಂದಾಜು ಈಗ ಮೊದಲಿಗಿಂತ ಹೆಚ್ಚು ತಪ್ಪು. ರಬ್ಬರ್ ಪೈಪ್, ಸೀಲ್‌ಗಳ ಮೇಲೆ ಎಥನಾಲ್ ಪರಿಣಾಮ ಬೇರೆ ವಿಷಯ, ಅದನ್ನು ಸೆನ್ಸರ್ ತಡೆಯಲಾರದು.

ಗ್ಯಾರೇಜಿನಲ್ಲಿ ಕೇಳಬೇಕಾದ ಐದು ಪ್ರಶ್ನೆ

* ಕೋಡ್ ನಂಬರ್ ಎಷ್ಟು? ಮುಂದಿನ ಸೆನ್ಸರಾ, ಹಿಂದಿನದಾ?
* ಫ್ಯೂಸ್, ಕನೆಕ್ಟರ್, ವೈರ್ ನೋಡಿದಿರಾ?
* ಸೈಲೆನ್ಸರ್ ಲೀಕ್, ಪ್ಲಗ್, ವ್ಯಾಕ್ಯೂಮ್ ಹೋಸ್ ಚೆಕ್ ಆಯಿತಾ?
* ಮೀಟರ್‌ನಲ್ಲಿ ಸೆನ್ಸರ್ ವೋಲ್ಟೇಜ್ ಏರಿಳಿಯುತ್ತಾ? ತೋರಿಸುತ್ತೀರಾ?
* ಹಳೆಯ ಸೆನ್ಸರ್ ಮತ್ತು ಹೊಸದರ ಡಬ್ಬಿ, ಬಿಲ್ ಕೊಡುತ್ತೀರಾ?

ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ, ಮೀಟರ್ ಹಿಡಿದು ತೋರಿಸುತ್ತಾರೆ. ಹಾಗೆ ಪರೀಕ್ಷೆ ಮಾಡಿ ಕಾರಣ ಹೇಳಿದವರಿಗೆ, ಪಾರ್ಟ್ ಬದಲಿಸದಿದ್ದರೂ, ಅವರ ಸಮಯದ ಕೂಲಿ ಕೊಡುವುದು ನ್ಯಾಯ. ಬೇಡದ ಸೆನ್ಸರ್‌ಗೆ ಸುರಿಯುವ ಹಣಕ್ಕಿಂತ ಅದು ಕಡಿಮೆಯೇ ಆಗುತ್ತದೆ.